ತಾಯಿಬೇರಿಲ್ಲದ ಮರಿಗಳು

ನಾನು ನಿವೃತ್ತಳಾದ ದಿನ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಕೊನೆಗೆ ಒಂದು ಕರಿಬೇವಿನ ಗಿಡವನ್ನು ಪ್ಯಾಕೆಟ್ ಸಮೇತ ಕೈಗಿಟ್ಟರು. ಪ್ಯಾಕೆಟ್ಟಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. "ಭಾಗ್ಯಮ್ಮನವರ ಪ್ರೀತಿಯ ನಿಟ್ಟೂರು ತಾಯಿಗಿಡದ ಮರಿ" ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ನಾನು ವೇದಿಕೆ ಮೇಲೆ ನಿಂತುಕೊಂಡೇ ಪ್ಯಾಕೆಟ್ಟಿನ ಮಣ್ಣಿಗೆ ಬೆರಳು ಹಾಕಿ ಬುಡ ಕೆದಕಿ ನೋಡಿದೆ. ಬೇರು ನೆಟ್ಟಗೆ ಕೆಳಕ್ಕೆ ಇಳಿದಿತ್ತು. "ಇದು ಬೀಜದ ಸಸಿ, ಮರಿ ಅಲ್ಲ" ಎಂದು ಅದೇ ಮೈಕಿನಲ್ಲಿ ಹೇಳಿ ಗಿಡವನ್ನು ಮೇಜಿನ ಮೇಲಿಟ್ಟೆ. ಮುಂದಿನ ಸಾಲಿನಲ್ಲಿದ್ದವರ ಮುಖ ಸಣ್ಣದಾಯಿತು. ಹಾರ ಹಾಕಿಸಿಕೊಂಡ ದಿನವಾದರೂ ಸುಮ್ಮನಿರಬಾರದಿತ್ತೇ ಎಂದು ಮನೆಗೆ ಬಂದ ಮೇಲೆ ನನ್ನ ಯಜಮಾನರೂ ಗೊಣಗಿದರು. ಸುಮ್ಮನಿರುವುದು ಬಂದಿದ್ದರೆ ನಾನು ಎಷ್ಟೋ ವರ್ಷ ಮೊದಲೇ ಖಾಯಂ ಆಗಿರುತ್ತಿದ್ದೆ.

ಆ ದಿನ ಊಟದ ಹೊತ್ತಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ವರು ಹುಡುಗಿಯರು ಎಲೆ ಬಿಟ್ಟು ನನ್ನ ಹತ್ತಿರ ಬಂದರು. "ನೋಡಿದ ತಕ್ಷಣ ಹೆಂಗ್ ಗೊತ್ತಾಯ್ತು ಮೇಡಂ?" ಎಂದು ಕೇಳಿದರು. ನೋಡಿದ ತಕ್ಷಣ ಗೊತ್ತಾಗುವುದಿಲ್ಲ, ಬೆರಳು ಹಾಕಿದ ಮೇಲೆ ಗೊತ್ತಾಗುತ್ತದೆ ಎಂದೆ. ಆ ಬೆರಳು ಹಾಕುವ ಬುದ್ಧಿ ನನಗೆ ಬಂದದ್ದು ಹೇಗೆ ಎಂಬುದನ್ನು ಆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ನರ್ಸರಿಯ ಹೆಸರು ಬರೆಯುವುದಿಲ್ಲ. ಗುಬ್ಬಿ ಕಡೆಯದು ಎಂದರೆ ಸಾಕು. ಸಾಹೇಬರ ಹೆಸರೂ ಬರೆಯುವುದಿಲ್ಲ. ಹೆದರಿಕೆಯಿಂದ ಅಲ್ಲ, ಅಂಥವರು ಒಬ್ಬರೇ ಅಲ್ಲವಾದ್ದರಿಂದ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ದಿನಗೂಲಿ ಲೆಕ್ಕದಲ್ಲಿ ನರ್ಸರಿಗೆ ಸೇರಿದವಳು. ಓದು ಬರಹ ಬರುತ್ತದೆ ಎಂದು ಬೇರೆ ಹೆಂಗಸರಿಗಿಂತ ಒಂದು ಗೇಣು ಮೇಲಿದ್ದೇನೆ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ಮೊದಲನೇ ವರ್ಷವೇ. ಕರಿಬೇವಿನ ಹಣ್ಣು ಕಪ್ಪಗೆ ತಿರುಗಿದ್ದ ಕಾಲ. ಬುಟ್ಟಿ ತುಂಬ ಹಣ್ಣು ಕಿತ್ತು ಬೀಜ ಮಾಡು ಎಂದು ಹೇಳಿದರು. ಮನೆಯಲ್ಲಿ ಅವರೆ, ಹುರುಳಿ ಬೀಜಗಳನ್ನು ಬಿಸಿಲಿಗೆ ಹಾಕಿ, ಬೂದಿ ಬೆರೆಸಿ, ಮಡಕೆಯಲ್ಲಿ ಕಟ್ಟಿಡುವುದನ್ನು ನೋಡಿ ಬೆಳೆದವಳು ನಾನು. ಅದೇ ಶಿಸ್ತಿನಲ್ಲಿ ಗೋಣಿತಾಟಿನ ಮೇಲೆ ಎಂಟು ದಿನ ಒಣಗಿಸಿ, ಗಲಗಲ ಎನ್ನುವಂತೆ ಮಾಡಿ, ಡಬ್ಬಿಗೆ ಹಾಕಿ, ಮೇಲೆ ಚೀಟಿಯನ್ನೂ ಅಂಟಿಸಿದೆ. ಮುಂದಿನ ತಿಂಗಳು ಮಡಿಗೆ ಹಾಕಿದರೆ ಒಂದು ಬೀಜವೂ ಏಳಲಿಲ್ಲ.

ನಮ್ಮಲ್ಲಿ ಮುನಿಯಪ್ಪ ಎಂಬ ಹಳೆಯ ಮಾಲಿ ಇದ್ದರು. ಎಲ್ಲರೂ ಅವರನ್ನು ಮುನಿಯಪ್ಪಣ್ಣ ಎನ್ನುತ್ತಿದ್ದರು. ಬೋಳು ಮಡಿಯ ಮುಂದೆ ನಾನು ನೀರಿನ ಕ್ಯಾನು ಹಿಡಿದು ನಿಂತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು.

"ಹಪ್ಳ ಒಣಗಾಕ್ದಂಗೆ ಒಣಗಾಕಿದ್ದಲ್ಲವ್ವಾ, ಇನ್ನೆಲ್ಲಿಂದ ಬಂದಾತು? ಅವರೆ ಬೀಜ ಒಣಗಿದ್ರೆ ನಿದ್ದೆ ಮಾಡ್ತದೆ. ಇದು ಒಣಗಿದ್ರೆ ಸಾಯ್ತದೆ. ಇದ್ರ ಜೀವ ಒದ್ದೇಲಿರ್ತದೆ ಕಣವ್ವ."

"ಮೊದ್ಲೇ ಹೇಳ್ಬಾರ್ದಾಗಿತ್ತಾ ಅಣ್ಣ?"

"ನೀನು ಡಬ್ಬಿಗೆ ಚೀಟಿ ಅಂಟಿಸ್ತಿದ್ದೆ. ಓದ್ದೋರು ಅಂತ ಸುಮ್ಕಾದೆ."

ಹಣ್ಣು ಕಿತ್ತ ದಿನವೇ ಸಿಪ್ಪೆ ಬಿಡಿಸಿ, ಅಂಟು ಹೋಗುವ ತನಕ ತೊಳೆದು, ನೆರಳಲ್ಲಿ ನೀರು ಆರುವಷ್ಟು ಹೊತ್ತು ಮಾತ್ರ ಬಿಟ್ಟು ಮಣ್ಣಿಗೆ ಇಡಬೇಕು. ಇದನ್ನು ಅವತ್ತು ಕಲಿತೆ. ಈಗಲೂ ಕರಿಬೇವಿನ ಬೀಜವನ್ನು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸುವವರಿದ್ದಾರೆ. ಕಳಿಸಲಿ, ಬಂದದ್ದನ್ನು ಬಿತ್ತಿ ಕಾಯುವವರೂ ಇರಲಿ. ನನ್ನ ಮಡಿಯಲ್ಲಿ ಆಮೇಲೆ ಅಂಥದು ನಡೆಯಲಿಲ್ಲ.

ನರ್ಸರಿಯ ಹಿಂಭಾಗದಲ್ಲಿ, ಬಾವಿಯ ಪಕ್ಕ, ಒಂದು ದೊಡ್ಡ ಕರಿಬೇವಿನ ಪೊದೆ ಇತ್ತು. ಅದನ್ನು ನಿಟ್ಟೂರು ಗಿಡ ಎಂದು ಕರೆಯುತ್ತಿದ್ದೆವು. ಎಲೆ ಸಣ್ಣ, ಹಸಿರು ಕಡು, ಕಡ್ಡಿ ತುಸು ಕೆಂಪು. ಬೆಳೆಯುವುದು ಮಾತ್ರ ಬಹಳ ನಿಧಾನ. ಆದರೆ ಅದರ ಎರಡು ಎಸಳು ಹಾಕಿದ ಮಜ್ಜಿಗೆ ಮಾರನೆಯ ದಿನ ಮುಚ್ಚಳ ತೆಗೆದಾಗಲೂ ಘಮ್ಮೆನ್ನುತ್ತಿತ್ತು. ಮುನಿಯಪ್ಪಣ್ಣ ಒಮ್ಮೆ ನಿಟ್ಟೂರಿನಲ್ಲಿ ಯಾರದೋ ಮನೆಗೆ ಕೆಲಸದ ಮೇಲೆ ಹೋಗಿದ್ದಾಗ ಅಲ್ಲಿ ಉಪ್ಪಿಟ್ಟು ಕೊಟ್ಟರಂತೆ. ಉಪ್ಪಿಟ್ಟು ತಿಂದವರು ಎಲೆ ಎಸೆಯದೆ, ಈ ಗಿಡ ಎಲ್ಲಿದೆ ತೋರಿಸಿ ಎಂದು ಹಿತ್ತಲಿಗೆ ಹೋಗಿದ್ದಾರೆ. ಆ ಮನೆಯ ಯಜಮಾನಿ ತಾವೇ ಗುದ್ದಲಿ ಹಿಡಿದು ಒಂದು ಮರಿ ಎತ್ತಿ ಕೊಟ್ಟರಂತೆ. ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು ನೆಟ್ಟಿದ್ದೇ ಈ ಪೊದೆ.

ಆ ಪೊದೆಯ ಬುಡದಲ್ಲಿ ಕೂರಿಸಿಕೊಂಡು ಮುನಿಯಪ್ಪಣ್ಣ ನನಗೆ ಪಾಠ ಹೇಳಿದರು. ಪೊದೆಯ ಸುತ್ತ ಮೊಣಕಾಲೆತ್ತರದ ನೂರಾರು ಸಣ್ಣ ಗಿಡಗಳು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ. ಅವರು ಒಂದರ ಬುಡದ ಮಣ್ಣನ್ನು ಬೆರಳಲ್ಲಿ ಸರಿಸಿದರು. ಬೇರು ನೆಟ್ಟಗೆ ನೆಲಕ್ಕೆ ಇಳಿದಿತ್ತು. ಹಣ್ಣು ಬಿದ್ದೋ, ಪಿಕಳಾರ ಹಕ್ಕಿ ತಿಂದು ಉಗಿದೋ ಹುಟ್ಟಿದ್ದು ಅದು. ಇನ್ನೊಂದರ ಬುಡ ಸರಿಸಿದರು. ಅದು ಮೊಣಕೈ ಮಡಿಸಿದ ಹಾಗೆ ಬಾಗಿ, ನೆಲದಲ್ಲಿ ಅಡ್ಡಕ್ಕೆ ಮಲಗಿದ್ದ ಹೆಬ್ಬೆರಳು ಗಾತ್ರದ ಬೇರಿಗೆ ಅಂಟಿಕೊಂಡಿತ್ತು. ಆ ಬೇರು ಹೋಗಿ ಸೇರಿದ್ದು ದೊಡ್ಡ ಪೊದೆಗೆ.

"ಬೀಜದ್ದು ಮಗ್ಳು," ಎಂದರು. "ಅವ್ವನಂಗೂ ಇರ್ಬೋದು, ಅಪ್ಪನಂಗೂ ಇರ್ಬೋದು, ಇಬ್ರಂಗೂ ಇಲ್ದೇನೂ ಇರ್ಬೋದು. ಬೇರಿನ್ ಮರಿ ಅಂಗಲ್ಲ. ಅದು ಅವ್ವನೇ. ಜಾಗ ಬದ್ಲಾಯ್ಸವ್ಳೆ, ಅಷ್ಟೇಯ."

ಎತ್ತುವುದಕ್ಕೂ ಒಂದು ಕ್ರಮವಿತ್ತು. ಮರಿಯನ್ನು ಅಡ್ಡಬೇರಿನಿಂದ ಬಿಡಿಸಿ ತಕ್ಷಣ ಕಿತ್ತರೆ ಬದುಕುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ಅದು ಉಣ್ಣುತ್ತಿದ್ದದ್ದು ತಾಯಿಯ ಬೇರಿನಿಂದ. ಮೊದಲು ಚಾಕುವಿನಿಂದ ಅಡ್ಡಬೇರನ್ನು ಎರಡೂ ಕಡೆ ಕತ್ತರಿಸಿ, ಮರಿಯನ್ನು ಇದ್ದಲ್ಲೇ ಮೂರು ವಾರ ಬಿಡಬೇಕು. ಅಷ್ಟರಲ್ಲಿ ಅದು ತನ್ನದೇ ನಾಲ್ಕು ಎಳೆ ಬೇರು ಬಿಟ್ಟುಕೊಳ್ಳುತ್ತದೆ. ಆಮೇಲೆ ಮಣ್ಣಿನ ಸಮೇತ ಎತ್ತಬೇಕು. ಮುನಿಯಪ್ಪಣ್ಣನ ನೋಟ್ ಬುಕ್ಕಿನಲ್ಲಿ ಇದಕ್ಕೆ ಎರಡು ಪ್ರತ್ಯೇಕ ಕಾಲಂ ಇದ್ದವು. ಒಂದು ಸಸಿ, ಇನ್ನೊಂದು ಮರಿ. ಅಕ್ಷರ ಸೊಟ್ಟ, ಲೆಕ್ಕ ನೆಟ್ಟಗೆ.

ಮುನಿಯಪ್ಪಣ್ಣ ನಿವೃತ್ತರಾದ ಮೇಲೆ ಹೊಸ ಸಾಹೇಬರು ಬಂದರು. ಅವರೊಂದಿಗೆ ಕಂಪ್ಯೂಟರೂ ಬಂತು. ಹೊಸ ನಮೂನೆಯಲ್ಲಿ ಇದ್ದದ್ದು ಒಂದೇ ಕಾಲಂ: ಸಸಿಗಳ ಸಂಖ್ಯೆ. ಮರಿಗಳನ್ನು ಎಲ್ಲಿ ಬರೆಯಲಿ ಎಂದು ಕೇಳಿದ್ದಕ್ಕೆ ಸಾಹೇಬರು ನಕ್ಕು, "ಎಲ್ಲಾ ಪ್ಲಾಂಟೇ ಅಲ್ವೇನಮ್ಮ?" ಎಂದರು. ನಾನು ಅವತ್ತು ವಾದ ಮಾಡಲಿಲ್ಲ. ನನ್ನನ್ನು ಖಾಯಂ ಮಾಡುವ ಫೈಲು ಆಗ ಅವರ ಮೇಜಿನ ಮೇಲಿತ್ತು. ನಾನು ಬಾಯಿ ಮುಚ್ಚಿಕೊಂಡ ದಿನ ಎಂದರೆ ಅದೊಂದೇ, ಅದಕ್ಕೆ ಸರಿಯಾದ ಶಿಕ್ಷೆಯೂ ಆಯಿತು.

ಆ ಮಳೆಗಾಲದಲ್ಲಿ ಕುಣಿಗಲ್ ಕಡೆಯಿಂದ ಸಿದ್ದಗಂಗಮ್ಮ ಎಂಬ ಹೆಂಗಸು ಬಂದರು. ನನ್ನದೇ ವಯಸ್ಸು. ಹತ್ತು ಗುಂಟೆಯಲ್ಲಿ ಕರಿಬೇವು ಹಾಕಬೇಕು, ಅದೂ ಬಾವಿ ಪಕ್ಕದ ಪೊದೆಯದೇ ಆಗಬೇಕು ಎಂದರು. ಆ ಪೊದೆ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ನಮ್ಮವ್ವನೇ ಕಣಕ್ಕ ಮುನಿಯಪ್ಪಣ್ಣಂಗೆ ಮರಿ ಎತ್ಕೊಟ್ಟಿದ್ದು. ನಾನವಾಗ ಲಂಗ ಹಾಕೋಳು. ಅವ್ವ ಹೋದ್ಲು. ನಿಟ್ಟೂರಲ್ಲಿ ನಮ್ಮಣ್ಣದೀರು ಹಿತ್ಲ ಮಟ್ಟ ಮಾಡಿ ಗಾಡಿ ನಿಲ್ಸಾಕೆ ಶೀಟ್ ಹಾಕ್ಸುದ್ರು. ನಾನು ಹೋಗಿ ನೋಡೋವತ್ಗೆ ಗಿಡ ಇಲ್ಲ. ಇನ್ ಉಳ್ದಿರೋದು ನಿಮ್ತಾವ್ಲೇ."

ಅರವತ್ತು ಮರಿ ಬೇಕೆಂದರು. ನಾನು ಸಂತೋಷದಿಂದ ಒಪ್ಪಿದೆ. ಅಡ್ಡಬೇರು ಕತ್ತರಿಸಿ ಮೂರು ವಾರ ಬಿಟ್ಟೆ, ಗುರುತು ಮಾತ್ರ ಇಡಲಿಲ್ಲ. ಎತ್ತುವ ದಿನ ಬಂದಾಗ ಸಾಹೇಬರು ನನ್ನನ್ನು ತುಮಕೂರಿಗೆ, ಒಂದು ಕಾರ್ಯಕ್ರಮದ ವೇದಿಕೆಗೆ ಕುಂಡ ಜೋಡಿಸಲು ಕಳಿಸಿದರು. ಹೊರಡುವ ಆತುರದಲ್ಲಿ ನಾನು ಕೂಲಿಯ ಹೆಂಗಸರಿಗೆ, ಅವರಲ್ಲಿ ಹಿರಿಯಳಾದ ರತ್ನಮ್ಮನಿಗೆ ಹೇಳಿದ ಮಾತು ಇಷ್ಟು: "ತಾಯಿಬೇರಿರೋವ್ನೇ ನೋಡಿ ಎತ್ತಿ. ತಾಯಿಬೇರಿಲ್ದೇ ಇರೋದು ಒಂದೂ ಬರ್ಬಾರ್ದು."

ನನ್ನ ತಲೆಯಲ್ಲಿ ಇದ್ದದ್ದು ತಾಯಿಯ ಬೇರು. ಅಂದರೆ ಪೊದೆಯಿಂದ ಬಂದ ಆ ಅಡ್ಡಬೇರು. ಆದರೆ ನರ್ಸರಿಯಲ್ಲಿ ಕೆಲಸ ಮಾಡುವ ಯಾರನ್ನು ಬೇಕಾದರೂ ಕೇಳಿ, ತಾಯಿಬೇರು ಎಂದರೆ ಸಸಿಯಿಂದ ನೆಟ್ಟಗೆ ಕೆಳಕ್ಕೆ ಇಳಿಯುವ ಮುಖ್ಯ ಬೇರು. ಹಲಸಾಗಲಿ ನೇರಳೆಯಾಗಲಿ, ಪ್ಯಾಕೆಟ್ಟಿಗೆ ಹಾಕುವಾಗ ತಾಯಿಬೇರು ಮುರಿಯಬೇಡಿ ಎಂದು ಅದೇ ಹೆಂಗಸರಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳೂ ನಾನೇ. ಅದು ಇರುವುದು ಬೀಜದ ಸಸಿಗೆ ಮಾತ್ರ. ನಿಜವಾಗಿ ತಾಯಿಯಿಂದ ಬಂದ ಮರಿಗೆ ತಾಯಿಬೇರು ಇರುವುದಿಲ್ಲ. ನಮ್ಮ ಭಾಷೆ ಈ ಒಂದು ಜಾಗದಲ್ಲಿ ಹೀಗೆ ಕಾಲು ಅಡ್ಡ ಕೊಡುತ್ತದೆ, ನಾನು ಎಡವಿದೆ. ರತ್ನಮ್ಮ ಮತ್ತು ಅವಳ ಜೊತೆಯವರು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ಒಂದೊಂದರ ಬುಡವನ್ನೂ ನೋಡಿ, ಅಡ್ಡಬೇರಿನ ಮರಿಗಳನ್ನೆಲ್ಲ ಬಿಟ್ಟು, ಅರವತ್ತು ಬೀಜದ ಸಸಿಗಳನ್ನು ಆರಿಸಿ ಪ್ಯಾಕೆಟ್ ಮಾಡಿಟ್ಟಿದ್ದರು. ಒಂದೂ ತಪ್ಪಿಲ್ಲದ ಹಾಗೆ ತಪ್ಪು ಮಾಡಿದ್ದರು. ಸಂಜೆ ಬಂದ ನಾನು ಎಲೆ ನೋಡಿದೆ, ಸಾಲು ನೋಡಿದೆ, ಭೇಷ್ ಎಂದೆ. ಬೆರಳು ಹಾಕಲಿಲ್ಲ.

ಎರಡು ವರ್ಷ ಕಳೆದ ಮೇಲೆ ಸಿದ್ದಗಂಗಮ್ಮ ಮತ್ತೆ ಬಂದರು. ಒಂದು ಟವಲ್ಲಿನಲ್ಲಿ ಎಲೆ ಕಟ್ಟಿಕೊಂಡು ಬಂದಿದ್ದರು. ಸೀದಾ ಸಾಹೇಬರ ಕೊಠಡಿಗೆ ಹೋಗಿ ಮೇಜಿನ ಮೇಲೆ ಗಂಟು ಬಿಚ್ಚಿದರು. ಜಗಳವಾಡಲಿಲ್ಲ, ಅಳಲೂ ಇಲ್ಲ.

"ಸ್ವಾಮಿ, ಇದು ನಮ್ಮವ್ವನ ಗಿಡ ಅಲ್ಲ," ಎಂದರು.

ನನ್ನನ್ನು ಕರೆಸಿದರು. ನಾನು ಎಲೆಗಳನ್ನು ಒಂದೊಂದಾಗಿ ಉಜ್ಜಿ ಮೂಸಿದೆ. ಒಂದರಲ್ಲಿ ಘಮ ಪರವಾಗಿಲ್ಲ, ಒಂದರಲ್ಲಿ ಸುಮಾರು, ಇನ್ನೊಂದರಲ್ಲಿ ಬರೀ ಹಸಿರು ವಾಸನೆ. ಎಲೆಯ ಅಗಲವೂ ಬೇರೆ ಬೇರೆ. ಒಂದೇ ಗಿಡದ ಮರಿಗಳಾಗಿದ್ದರೆ ಹೀಗೆ ಅರವತ್ತು ತರ ಇರಲು ಸಾಧ್ಯವೇ ಇಲ್ಲ. ಅವತ್ತೇ ಮಧ್ಯಾಹ್ನ ಅವರ ಜೊತೆ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಹೊಲದಲ್ಲಿ ಮಂಡಿಯೂರಿ ಗಿಡ ಗಿಡದ ಬುಡ ಬಿಡಿಸಿ ನೋಡಿದೆ. ಎಲ್ಲಕ್ಕೂ ತಾಯಿಬೇರು. ರತ್ನಮ್ಮನಿಗೆ ಫೋನ್ ಮಾಡಿ, ಅವತ್ತು ನಾನು ಏನು ಹೇಳಿದ್ದೆ ಎಂದು ಕೇಳಿದೆ. ಅವಳು ನನ್ನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಹೊಲದ ಬದುವಿನ ಮೇಲೆ ಕೂತು ಸಿದ್ದಗಂಗಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ಇವೂ ಅದೇ ಗಿಡದ ಬೀಜದವು, ನಿಮ್ಮವ್ವನ ಗಿಡದ ಮಕ್ಕಳೇ ಎಂದೂ ಸಮಾಧಾನಕ್ಕೆ ಸೇರಿಸಿದೆ.

"ಇವು ಇರ್ಲಿ ಬುಡಕ್ಕ, ಕಿತ್ತಾಕಲ್ಲ," ಎಂದರು. "ಆದ್ರೆ ನಂಗೆ ಮಕ್ಳು ಬೇಕಾಗಿರ್ಲಿಲ್ಲ. ಅವ್ವನೇ ಬೇಕಾಗಿದ್ಲು."

ಮೂರು ವಾರ ಟೈಮು ಕೊಡಿ, ನಾನೇ ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಮಾರನೆಯ ದಿನ ಬೆಳಗ್ಗೆ ಬಾವಿ ಪಕ್ಕದ ಪೊದೆಯ ಬುಡದಲ್ಲಿ ಕೂತು ಹತ್ತಾರು ಮರಿಗಳ ಅಡ್ಡಬೇರು ಕತ್ತರಿಸಿದೆ. ಅಷ್ಟರಲ್ಲಿ ಸಾಹೇಬರು ಕರೆಸಿದರು.

"ಕಂಪ್ಲೇಂಟ್ ಮೇಲಕ್ಕೆ ಹೋದ್ರೆ ತೊಂದರೆ. ನಾವು ಕೊಟ್ಟಿದ್ದು ಸರಿ ಇತ್ತು, ಫಾರ್ಮರ್ ಬೇರೆ ಕಡೆಯಿಂದ ತಂದು ಮಿಕ್ಸ್ ಮಾಡಿದಾರೆ ಅಂತ ಒಂದ್ ಸ್ಟೇಟ್‌ಮೆಂಟ್ ಬರ್ಕೊಡಿ."

"ಆಯಮ್ಮ ಮಿಕ್ಸ್ ಮಾಡಿಲ್ಲ ಸಾರ್. ನಾನ್ ಹೇಳಿದ್ದೇ ತಪ್ಪು."

"ಎಲ್ಲಾ ಒಂದೇ ಗಿಡದ ಬುಡದ್ದು ತಾನೆ? ಯಾರಿಗ್ ಗೊತ್ತಾಗುತ್ತೆ?"

ನಾನು ಹೊರಗೆ ಹೋಗಿ ಬಾವಿ ಪಕ್ಕದಿಂದ ಒಂದು ಸಸಿ, ಒಂದು ಮರಿ ಕಿತ್ತು ತಂದೆ. ಒಂದಕ್ಕೆ ನೆಟ್ಟಗಿನ ಬೇರು, ಇನ್ನೊಂದಕ್ಕೆ ಅಡ್ಡಬೇರಿನ ತುಂಡು. ಮಳೆ ಬಿದ್ದ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಎರಡನ್ನೂ ಅವರ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದೆ. "ಕಣ್ಣಿದ್ದೋರಿಗೆ ಗೊತ್ತಾಗುತ್ತೆ ಸಾರ್," ಎಂದೆ.

ಅವರು ನಿಧಾನವಾಗಿ, "ನೀವು ಗಿಡ ಇಟ್ಟಿರೋದು ಯಾವ ಫೈಲ್ ಮೇಲೆ ಅಂತ ನೋಡ್ಕೊಳ್ಳಿ," ಎಂದರು.

ನೋಡಿದೆ. ಇನ್ನೂ ಅಲ್ಲೇ ಕೂತಿದ್ದ ನನ್ನ ಖಾಯಮಾತಿ ಫೈಲು. ಮೇಲಿನ ಹಾಳೆಗೆ ಕೆಂಪು ನೀರು ಇಳಿಯುತ್ತಿತ್ತು. ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದರು, ಯಜಮಾನರಿಗೆ ಅಂಥ ಕೆಲಸವೇನೂ ಇರಲಿಲ್ಲ. ಆದರೂ ಗಿಡಗಳನ್ನು ಎತ್ತಲಿಲ್ಲ. ಪಕ್ಕದ ಕೋಣೆಗೆ ಹೋಗಿ ವಿತರಣೆ ರಿಜಿಸ್ಟರ್ ತೆಗೆದು, ಎರಡು ವರ್ಷದ ಹಿಂದಿನ ಪುಟದಲ್ಲಿ ಸಿದ್ದಗಂಗಮ್ಮನ ಹೆಸರಿನ ಮುಂದೆ ಬರೆದೆ: "ಕೊಟ್ಟದ್ದು ಬೀಜದ ಸಸಿ. ಕೇಳಿದ್ದು ಬೇರಿನ ಮರಿ. ತಪ್ಪು ನನ್ನ ಮಾತಿನದು." ಕೆಳಗೆ ಸಹಿ ಹಾಕಿ ಅವತ್ತಿನ ತಾರೀಕು ನಮೂದಿಸಿದೆ. ರತ್ನಮ್ಮನ ಹೆಸರು ಎಲ್ಲೂ ಬರೆಯಲಿಲ್ಲ. ಅವಳು ತಪ್ಪೇ ಮಾಡಿರಲಿಲ್ಲ.

ಎರಡನೇ ವಾರ ಮುಗಿಯುವುದರೊಳಗೆ ನನ್ನನ್ನು ಅಂತರಸನಹಳ್ಳಿಗೆ ಹಾಕಿದರು. ಕೈಗಾರಿಕಾ ಪ್ರದೇಶದ ರಸ್ತೆ ಬದಿಯ ಗಿಡಗಳಿಗೆ ಟ್ಯಾಂಕರಿನಿಂದ ನೀರು ಹಾಕುವ ಕೆಲಸ. ಖಾಯಂ ಪಟ್ಟಿಯಿಂದ ಹೆಸರು ಬಿಟ್ಟುಹೋಯಿತು. ಮೂರನೇ ವಾರ, ಹಳೆಯದು ಮತ್ತು ನಿರುಪಯುಕ್ತ ಎಂದು ಬರೆದು, ಜೆಸಿಬಿ ತರಿಸಿ ನಿಟ್ಟೂರು ಗಿಡವನ್ನು ಬುಡಸಮೇತ ಕೀಳಿಸಿದರು. ನಾನು ಬೇರು ಕತ್ತರಿಸಿ ಬಿಟ್ಟಿದ್ದ ಮರಿಗಳೂ ಅದರ ಜೊತೆ ಹೋದವು. ಆ ಜಾಗವನ್ನು ಮಟ್ಟ ಮಾಡಿ ದೊಡ್ಡವರು ಬಂದಾಗ ಕೂರಲಿಕ್ಕೆ ಲಾನ್ ಹಾಸಿದರು. ಸಿದ್ದಗಂಗಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು "ಊಟ ಮಾಡಿದ್ರಾ ಅಕ್ಕ?" ಎಂದು ಕೇಳಿ ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಂತರಸನಹಳ್ಳಿಯ ಕೆಲಸವನ್ನು ಶಿಕ್ಷೆ ಎಂದು ಕೊಟ್ಟಿದ್ದರು. ನಾನು ಹಾಗೆ ತೆಗೆದುಕೊಳ್ಳಲಿಲ್ಲ. ಫ್ಯಾಕ್ಟರಿಗೆ ಬರುವವರು ಸಸಿಗೆ ಗಾಡಿ ಒರಗಿಸಿ ಹೋಗುತ್ತಿದ್ದರು. ನಾನು ಶಿಫ್ಟ್ ಬಿಡುವ ಹೊತ್ತಿಗೆ ಸರಿಯಾಗಿ ಆ ಗಿಡಕ್ಕೇ ಪೈಪು ಹಿಡಿದು, ಸೀಟು ತೊಯ್ಯುವ ಹಾಗೆ ನೀರು ಹಾಕುತ್ತಿದ್ದೆ. ಒಂದು ತಿಂಗಳಲ್ಲಿ ಗಾಡಿಗಳು ದೂರ ನಿಂತವು. ಇವತ್ತು ಆ ರಸ್ತೆಯಲ್ಲಿ ನೆರಳಿದ್ದರೆ ಅದರಲ್ಲಿ ನನ್ನ ಪಾಲೂ ಇದೆ, ಬೋರ್ಡಿನಲ್ಲಿ ಯಾರ ಹೆಸರು ಬೇಕಾದರೂ ಇರಲಿ.

ಮುಂದಿನ ವರ್ಷ ಮಳೆ ಶುರುವಾದ ಮೇಲೆ ಒಂದು ಬೆಳಗ್ಗೆ ರತ್ನಮ್ಮ ಫೋನ್ ಮಾಡಿದಳು.

"ಅಕ್ಕ, ಲಾನ್ ಮಿಷಿನ್ ಬುಟ್ರೆ ಒಗ್ಗರಣೆ ವಾಸ್ನೆ ಬತ್ತೈತೆ."

"ಏನಂದೆ?"

"ಹುಲ್ ಕತ್ರಿಸ್ವಾಗ ಕರಿಬೇವ್ನ ವಾಸ್ನೆ. ಸಾಯೇಬ್ರೂ ಮೂಗ್ ಏರುಸ್ತಾವ್ರೆ. ಬಂದ್ ನೋಡು."

ನನಗೆ ಆ ಕ್ಷಣವೇ ಅರ್ಥವಾಯಿತು. ಜೆಸಿಬಿಯ ಹಲ್ಲು ಪೊದೆಯನ್ನು ಕಿತ್ತಿತ್ತು, ಆದರೆ ಅಡ್ಡಬೇರುಗಳು ನೆಲದ ಒಳಗೇ ತುಂಡಾಗಿ ಉಳಿದಿದ್ದವು. ಕರಿಬೇವಿನ ಬೇರಿಗೆ ಗಾಯವಾದರೆ ಅಲ್ಲೇ ಮೊಗ್ಗು ಏಳುತ್ತದೆ. ಒಂದು ಗಿಡವನ್ನು ಮುಗಿಸಲು ಹೋದವರು ನೂರು ಕಡೆ ಬೇರು ಮುರಿದು ನೂರು ಕಡೆ ಮರಿ ಒಡೆಯುವ ಹಾಗೆ ಮಾಡಿದ್ದರು. ಲಾನ್ ಹಾಸುವ ಮೊದಲು ಮಣ್ಣು ಅಗೆದು ಬಿಸಿಲಿಗೆ ಬಿಟ್ಟಿದ್ದರಿಂದ ಅಲ್ಲಿ ಉದುರಿದ್ದ ಬೀಜಗಳೆಲ್ಲ ಒಣಗಿ ಸತ್ತಿದ್ದವು. ಎದ್ದದ್ದೆಲ್ಲ ಬೇರಿನದೇ. ಟ್ಯಾಂಕರ್ ಡ್ರೈವರಿಗೆ ಕಾಣದ ಹಾಗೆ ಆ ಕಡೆ ತಿರುಗಿ ನಾನು ಒಬ್ಬಳೇ ನಕ್ಕೆ.

ಭಾನುವಾರ ಹೋದೆ. ನೋಟಿಸ್ ಬೋರ್ಡಿನಲ್ಲಿ ಸಾಹೇಬರ ಸಹಿಯ ಸೂಚನೆ ಇತ್ತು: ಲಾನಿನಲ್ಲಿ ಬೆಳೆಯುತ್ತಿರುವ ಅನಗತ್ಯ ಕಳೆಗಳನ್ನು ಸಿಬ್ಬಂದಿ ಬುಡಸಮೇತ ತೆಗೆಯತಕ್ಕದ್ದು. ನಾನೂ ಸಿಬ್ಬಂದಿಯೇ, ದಿನಗೂಲಿ ಆದರೇನು. ಅಂಚಿನಲ್ಲಿ ಮಿಷಿನ್ನಿನ ಬ್ಲೇಡ್ ತಾಗದೆ ಬೆಳೆದ ಮರಿಗಳನ್ನು ಆರಿಸಿ, ಅಡ್ಡಬೇರು ಕತ್ತರಿಸಿ, ಇಟ್ಟಿಗೆ ಚೂರು ಗುರುತಿಟ್ಟು ಬಂದೆ. ಆ ಮೂರು ವಾರ ಇಟ್ಟಿಗೆಯ ಹತ್ತಿರ ಮಿಷಿನ್ ಹೋಗದ ಹಾಗೆ ರತ್ನಮ್ಮ ನೋಡಿಕೊಂಡಳು. ಹೇಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಎತ್ತಲು ಹೋದ ಭಾನುವಾರ, ಯಾರೋ ದೊಡ್ಡವರು ಬರುತ್ತಾರೆಂದು ಸಾಹೇಬರು ಬಂದಿದ್ದರು. ನಾನು ಹುಲ್ಲಿನ ಮೇಲೆ ಮಂಡಿಯೂರಿದ್ದನ್ನು ಕಂಡು ನೇರ ಬಂದು ಎದುರಿಗೆ ನಿಂತರು.

"ಏನ್ ಮಾಡ್ತಿದೀರ ಇಲ್ಲಿ?"

"ಕಳೆ ತೆಗೀತಿದೀನಿ ಸಾರ್. ನಿಮ್ದೇ ಆರ್ಡರ್."

ಅವರಿಗೆ ಗೊತ್ತಾಯಿತು. ಗೊತ್ತಾದರೂ ಹೇಳುವ ಹಾಗಿರಲಿಲ್ಲ. ಇದು ಕಳೆಯಲ್ಲ ಎಂದರೆ ಮತ್ತೇನು ಎಂದು ಬರೆಯಬೇಕಾಗುತ್ತಿತ್ತು. ಪಂಚೆ ಉಟ್ಟು ಬಂದಿದ್ದ ಸಾಹೇಬರು ಪಂಚೆಯ ಅಂಚು ಎತ್ತಿ ಹಿಡಿದು ಕೊಠಡಿಗೆ ಹೋದರು. ನಾನು ರಿಜಿಸ್ಟರಿನಲ್ಲಿ ಬರೆದೆ: "ಲಾನಿನ ಕಳೆ, ಹನ್ನೊಂದು. ತೆಗೆದವರು ಭಾಗ್ಯಮ್ಮ." ಆ ಪುಟ ಈಗಲೂ ಇದೆ, ಅನುಮಾನ ಇದ್ದವರು ಹೋಗಿ ನೋಡಬಹುದು. ಸರ್ಕಾರದ ಗಿಡ ಕದ್ದೆ ಎಂದು ಯಾರಾದರೂ ಅಂದರೆ, ಸರ್ಕಾರ ಅದನ್ನು ಕಳೆ ಎಂದದ್ದನ್ನು ಮೊದಲು ಹೊಡೆದು ಹಾಕಿ ಬರಲಿ.

ಈಗ ಕೆಲಸ ಬದಲಾಗಿದೆ. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳು, ಶೇಡ್ ನೆಟ್, ಮೊಬೈಲಿನಲ್ಲಿ ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪು, ಎಲ್ಲ ಬಂದಿವೆ. ನಾನು ಯಾವುದನ್ನೂ ಬೇಡ ಎನ್ನುವುದಿಲ್ಲ. ಶೇಡ್ ನೆಟ್ ನನ್ನ ಕಾಲದಲ್ಲೇ ಇದ್ದಿದ್ದರೆ ನನ್ನ ಬೆನ್ನು ಇಷ್ಟು ಸುಡುತ್ತಿರಲಿಲ್ಲ. ಆದರೆ ಫೋಟೋದಲ್ಲಿ ಬರುವುದು ಎಲೆ. ಸಸಿ ಯಾವುದು, ಮರಿ ಯಾವುದು ಎಂಬುದು ಮಣ್ಣಿನ ಕೆಳಗಿದೆ. ಕಂಪ್ಯೂಟರಿನ ನಮೂನೆಯಲ್ಲಿ ಒಂದೇ ಕಾಲಂ ಇದ್ದರೆ ನಿಮ್ಮ ಜೇಬಿನಲ್ಲಿ ಎರಡು ಕಾಲಂನ ಒಂದು ನೋಟ್ ಬುಕ್ಕು ಇಟ್ಟುಕೊಳ್ಳಿ. ಮೇಲಿನವರು ನಕ್ಕರೆ ನಗಲಿ. ಮರಿ ಎತ್ತಿಸುವಾಗ ತಾಯಿಬೇರು ಎಂಬ ಮಾತನ್ನು ಅಪ್ಪಿತಪ್ಪಿಯೂ ಬಾಯಿಗೆ ತರಬೇಡಿ, ಅಡ್ಡಬೇರು ಎನ್ನಿ. ತಪ್ಪಾದರೆ ಆ ಸಾಲಿನಲ್ಲೇ ತಪ್ಪು ಎಂದು ಬರೆಯಿರಿ. ನನ್ನನ್ನು ಖಾಯಂ ಮಾಡಿದ ಆದೇಶ ಆಮೇಲೆ ಏಳು ವರ್ಷಕ್ಕೆ, ಬೇರೆ ಸಾಹೇಬರ ಕಾಲದಲ್ಲಿ ಬಂತು. ಫೈಲಿನ ಮೊದಲ ಹಾಳೆಯ ಮೇಲೆ ಕೆಮ್ಮಣ್ಣಿನ ಕಲೆ ಹಾಗೇ ಇತ್ತು. ಗುಮಾಸ್ತರು ಇದೇನಮ್ಮ ಎಂದು ಕೇಳಿದರು. ನನ್ನ ಸರ್ವಿಸ್ ರೆಕಾರ್ಡ್ ಸಾರ್ ಎಂದೆ.

ಆ ಹನ್ನೊಂದು ಮರಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಅದೇ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಫೋನ್ ಮಾಡಿರಲಿಲ್ಲ. ಒಮ್ಮೆ ಮಾತು ಕೊಟ್ಟು ತಪ್ಪಿದವಳು ಎರಡನೇ ಸಲ ಮಾತು ಕೊಡಬಾರದು ಎನಿಸಿತ್ತು. ಸಿದ್ದಗಂಗಮ್ಮ ಅಂಗಳದಲ್ಲಿ ಕಾಳು ಕೇರುತ್ತಿದ್ದರು. ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು. ಮೊರ ಕೆಳಗಿಟ್ಟು ಬಂದು, ಒಂದೊಂದು ಮರಿಯ ಬುಡಕ್ಕೂ ತಾವೇ ಬೆರಳು ಹಾಕಿ ನೋಡಿದರು. ಹನ್ನೊಂದೂ ಮೊಣಕೈ ಮಡಿಸಿದಂತೆ ಬಾಗಿದ್ದವು, ಹನ್ನೊಂದಕ್ಕೂ ಅಡ್ಡಬೇರಿನ ತುಂಡು ಅಂಟಿತ್ತು.

"ತಾಯಿಬೇರಿಲ್ಲ," ಎಂದರು.

"ಇಲ್ಲ ಕಣಮ್ಮ, ಒಂದಕ್ಕೂ ಇಲ್ಲ," ಎಂದೆ.

ಇಬ್ಬರೂ ಸೇರಿ ನೀರಿನ ತೊಟ್ಟಿಯ ಪಕ್ಕದಲ್ಲಿ ನೆಟ್ಟೆವು. ಎಲೆ ಕೀಳಬೇಡಿ, ಬೇರು ಹಿಡಿಯಲಿ ಎಂದು ನಾನು ಎಚ್ಚರಿಸಿದೆ. ಆದರೆ ಪೂರ್ತಿ ಅವರು ಕೇಳಲಿಲ್ಲ. ಕೊನೆಯ ಮರಿಯಿಂದ ಒಂದೇ ಒಂದು ಎಸಳು ಮುರಿದು ಸೆರಗಿನ ತುದಿಗೆ ಕಟ್ಟಿಕೊಂಡರು. ಮೂಸಿಯೂ ನೋಡಲಿಲ್ಲ. ನಾನು ಸಂಜೆ ಬಸ್ಸಿಗೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದೆ.

ಮಾರನೆಯ ದಿನ ಬೆಳಗ್ಗೆ ಅಂತರಸನಹಳ್ಳಿಯ ರಸ್ತೆಯಲ್ಲಿ ಪೈಪು ಹಿಡಿದು ನಿಂತಿದ್ದಾಗ ಫೋನ್ ಬಂತು. ಅತ್ತ ಕಡೆ ಮುಚ್ಚಳ ತೆಗೆದ ಸದ್ದು ಕೇಳಿಸಿತು, ಆಮೇಲೆ ಉಸಿರು ಎಳೆದುಕೊಂಡ ಸದ್ದು.

"ನೆನ್ನೆ ರಾತ್ರಿ ಮಜ್ಗೆಗೆ ಹಾಕಿದ್ದೆ," ಎಂದರು ಸಿದ್ದಗಂಗಮ್ಮ. "ಅವ್ವ ಬಂದವ್ಳೆ ಕಣಕ್ಕ."

ನಾನು ಪೈಪನ್ನು ಗಿಡದ ಬುಡದಲ್ಲಿ ಬಿಟ್ಟು ರಸ್ತೆಯ ಅಂಚಿನಲ್ಲೇ ಕೂತು ಅತ್ತೆ. ಟ್ಯಾಂಕರ್ ಡ್ರೈವರ್ ಇಳಿದು ಬಂದು, ಮನೇಲಿ ಏನಾದ್ರೂ ಆಯ್ತಾ ಅಮ್ಮ ಎಂದು ಕೇಳಿದ. ಏನಿಲ್ಲಪ್ಪ, ನಂದೊಂದು ತಪ್ಪು ಇವತ್ತು ಸರಿಹೋಯ್ತು ಎಂದೆ.